ನಿಮ್ಮ ಜಾವಾಸ್ಕ್ರಿಪ್ಟ್ ಕೈಪಿಡಿಯ ಕರಡು ಓದಿದ ಮೇಲೆ

ನಮಸ್ಕಾರ,

ನೀವು ಕಳಿಸಿದ ಜಾವಾಸ್ಕ್ರಿಪ್ಟ್ ಕೈಪಿಡಿಯ ಅಧ್ಯಾಯಗಳನ್ನು ಪೂರ್ತಿ ಓದಿದೆ. ಭಾಷೆ ತಿಳಿಯಾಗಿದೆ, ಉದಾಹರಣೆಗಳು ಚಿಕ್ಕದಾಗಿ ಚೊಕ್ಕವಾಗಿವೆ. ಕನ್ನಡದಲ್ಲಿ ಇಂಥದ್ದೊಂದು ಬೇಕೇ ಬೇಕು. ಆದರೆ ಈಗಿರುವ ಹಾಗೇ ಪ್ರಕಟಿಸಲು ಆಗುವುದಿಲ್ಲ. ಇವತ್ತು ಯಾರಿಗೂ ಎದುರಾಗದ ತೊಂದರೆಗಳಿಗೆ ನೀವು ಜಾಸ್ತಿ ಜಾಗ ಕೊಟ್ಟಿದ್ದೀರಿ. ಇವತ್ತಿನ ತೊಂದರೆಗಳು ಅದರ ಕೆಳಗೆ ಮುಚ್ಚಿಹೋಗಿವೆ.

ಕ್ಲಿಕ್‌ನಂಥ ಘಟನೆ ನಡೆದಾಗ ಓಡಬೇಕಾದ ಫಂಕ್ಷನ್ (ಲಿಸನರ್) ಜೋಡಿಸುವ ಆಡ್‌ಈವೆಂಟ್‌ಲಿಸನರ್ ಪುಟವನ್ನೇ ನೋಡಿ. ಅರ್ಧಕ್ಕರ್ಧ, ಅದೇ ಕೆಲಸದ ಹಳೇ ವಿಧಾನವಾದ ಅಟ್ಯಾಚ್‌ಈವೆಂಟ್ ಬಗ್ಗೆಯೇ ಇದೆ. ಅದು ಬೇಕಾಗಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ 8 ಮತ್ತು ಅದಕ್ಕೂ ಹಳೆಯ ಆವೃತ್ತಿಗಳಿಗೆ. 2011ರಲ್ಲಿ ಬಂದ 9ನೇ ಆವೃತ್ತಿಗೇ ಅದರ ಅಗತ್ಯ ಇರಲಿಲ್ಲ. ಕೊನೆಯದಾದ 11ನೇ ಆವೃತ್ತಿಯನ್ನೂ ಮೈಕ್ರೋಸಾಫ್ಟ್ 2022ರ ಜೂನ್‌ನಲ್ಲಿ ಹೆಚ್ಚಿನ ವಿಂಡೋಸ್ 10 ಬಳಕೆದಾರರಿಗೆ ನಿಲ್ಲಿಸಿತು. ಆ ಭಾಗವನ್ನು ಸಂಕೋಚವಿಲ್ಲದೆ ತೆಗೆದುಹಾಕಿ. ಲಿಸನರ್ ಒಂದು ಸಲ ಓಡಿ ತಾನಾಗಿಯೇ ಕಳಚಿಕೊಳ್ಳುವಂತೆ ಮಾಡುವ ‘ಒನ್ಸ್’ ಆಯ್ಕೆ, ಹತ್ತಾರು ಲಿಸನರ್‌ಗಳನ್ನು ಒಟ್ಟಿಗೆ ಬಿಡಿಸಲು ಬರುವ ‘ಸಿಗ್ನಲ್’, ಇವೆರಡರ ಸುದ್ದಿಯೇ ನಿಮ್ಮ ಕರಡಿನಲ್ಲಿಲ್ಲ. ಆ ಜಾಗ ಅವಕ್ಕೆ ಕೊಡಿ.

ಅಲ್ಲಿ ಅಳಿಸಿದರೆ ಕೆಲಸ ಮುಗಿಯಿತು. ಸ್ಟ್ರಿಂಗ್ ಅನ್ನು (ಪಠ್ಯವನ್ನು) ಪೂರ್ಣಾಂಕವಾಗಿಸುವ ಪಾರ್ಸ್‌ಇಂಟ್ ಪುಟದಲ್ಲಿ ಹಾಗಲ್ಲ. ‘08’ ಎಂಬ ಸ್ಟ್ರಿಂಗ್ ಕೊಟ್ಟರೆ ಸೊನ್ನೆ ಬರುತ್ತದೆ, ಅದಕ್ಕೇ ಎರಡನೇ ಆರ್ಗ್ಯುಮೆಂಟ್ ಆಗಿ (ಯಾವ ಆಧಾರದ ಸಂಖ್ಯೆ ಅಂತ ಹೇಳಲು) 10 ಕೊಡಲೇಬೇಕು ಅಂತ ಬರೆದಿದ್ದೀರಿ. ಹಿಂದೆ ಕೆಲವು ಬ್ರೌಸರ್‌ಗಳಲ್ಲಿ ಇದು ನಿಜವೇ. ಸೊನ್ನೆಯಿಂದ ಶುರುವಾದರೆ ಅವು ಆಕ್ಟಲ್ (0ಯಿಂದ 7ರವರೆಗಿನ ಎಂಟೇ ಅಂಕಿಗಳ ಪದ್ಧತಿ) ಅಂತ ಓದುತ್ತಿದ್ದವು. ಆಕ್ಟಲ್‌ನಲ್ಲಿ 8 ಎಂಬ ಅಂಕಿಯೇ ಇಲ್ಲ, ಹಾಗಾಗಿ ಸೊನ್ನೆಗೇ ನಿಲ್ಲುತ್ತಿದ್ದವು. 2009ರ ಇಎಸ್5 (ಜಾವಾಸ್ಕ್ರಿಪ್ಟ್‌ನ ನಿಯಮಾವಳಿಯಾದ ಇಸಿಎಂಎಸ್ಕ್ರಿಪ್ಟ್‌ನ 5ನೇ ಆವೃತ್ತಿ) ಆ ಓದನ್ನು ನಿಲ್ಲಿಸಿತು. ಈಗ ಕನ್ಸೋಲ್ ತೆರೆದು ನೋಡಿ, 8 ಬರುತ್ತದೆ. ಹಾಗಂತ ಇಡೀ ಪ್ಯಾರಾ ಅಳಿಸಬೇಡಿ. ಸೊನ್ನೆ, ಎಕ್ಸ್, 10 ಸೇರಿಸಿ ಬರೆದ ಸ್ಟ್ರಿಂಗ್ ಕೊಟ್ಟು ಎರಡನೇ ಆರ್ಗ್ಯುಮೆಂಟ್ ಬಿಟ್ಟರೆ ಈಗಲೂ ಅದನ್ನು ಹೆಕ್ಸ್ (16ರ ಆಧಾರದ ಸಂಖ್ಯೆ) ಅಂತ ಓದಿ 16 ಕೊಡುತ್ತದೆ. ನಿಮ್ಮ ಸಲಹೆ ಸರಿ ಇದೆ, ಕೊಟ್ಟ ಕಾರಣಕ್ಕೆ ವಯಸ್ಸಾಗಿದೆ. ಕಾರಣವನ್ನು ಬದಲಿಸಿ.

ಅದೇ ಪುಟದಲ್ಲಿ ಇರಲೇಬೇಕಾದ ಇನ್ನೊಂದು ವಿಷಯ ಬಿಟ್ಟುಹೋಗಿದೆ. ‘10’ ಎಂಬ ಸ್ಟ್ರಿಂಗ್ ಮೂರು ಸಲ ಇರುವ ಅರೇ (ಪಟ್ಟಿ) ತೆಗೆದುಕೊಳ್ಳಿ. ಪ್ರತಿ ಅಂಶಕ್ಕೂ ಒಂದು ಫಂಕ್ಷನ್ ಓಡಿಸುವ ಮ್ಯಾಪ್‌ಗೆ ಪಾರ್ಸ್‌ಇಂಟ್ ಅನ್ನೇ ನೇರವಾಗಿ ಕೊಡಿ. ಸಿಗುವುದು 10, ನ್ಯಾನ್ (ಸಂಖ್ಯೆಯಲ್ಲ ಎಂಬ ಸೂಚನೆ), 2. ಮ್ಯಾಪ್ ಕಳಿಸುವ ಇಂಡೆಕ್ಸ್ (0, 1, 2 ಎಂಬ ಸ್ಥಾನ ಸಂಖ್ಯೆ) ಎರಡನೇ ಆರ್ಗ್ಯುಮೆಂಟ್‌ನ ಜಾಗದಲ್ಲಿ ಹೋಗಿ ಕೂರುತ್ತದೆ, ಅದಕ್ಕೆ. ಹೊಸದಾಗಿ ಕಲಿಯುವವರು ತಲೆ ಕೆಡಿಸಿಕೊಳ್ಳುವುದು ಇಂಥ ಕಡೆ, ಅಲ್ವಾ? ಇದಕ್ಕೆ ನಾಲ್ಕು ಸಾಲು ಜಾಸ್ತಿ ಆದರೂ ಪರವಾಗಿಲ್ಲ.

ಅರೇಯನ್ನು ಕ್ರಮವಾಗಿ ಜೋಡಿಸುವ ಸಾರ್ಟ್ ಪುಟದಲ್ಲಿ, ಸಮವಾಗಿರುವ ಅಂಶಗಳ ಕ್ರಮ ಉಳಿಯುತ್ತದೆ ಅಂತ ನಂಬಬೇಡಿ ಎಂದಿದ್ದೀರಿ. ಕ್ರೋಮ್ 2018ರವರೆಗೆ ಹತ್ತಕ್ಕಿಂತ ಉದ್ದದ ಅರೇಗಳಲ್ಲಿ ಆ ಕ್ರಮ ಉಳಿಸುವ ಖಾತ್ರಿ ಕೊಡುತ್ತಿರಲಿಲ್ಲ. ಇಎಸ್2019 ಕ್ರಮ ಉಳಿಸುವುದನ್ನು ನಿಯಮವನ್ನಾಗಿಯೇ ಮಾಡಿತು. ಎಚ್ಚರಿಕೆಯನ್ನು ಸುಮ್ನೆ ಅಳಿಸಿದರೆ ಓದುಗರಿಗೆ ಹಳೆಯ ತೊಂದರೆಯೂ ಹೊಸ ಖಾತ್ರಿಯೂ ಗೊತ್ತಾಗುವುದಿಲ್ಲ. ಅದರ ಬದಲು ಖಾತ್ರಿಯನ್ನೇ ಬರೆಯಿರಿ: ಹೆಸರಿನ ಪ್ರಕಾರ ಜೋಡಿಸಿದ ವಿದ್ಯಾರ್ಥಿಗಳ ಪಟ್ಟಿಯನ್ನು ಅಂಕದ ಪ್ರಕಾರ ಮತ್ತೆ ಜೋಡಿಸಿದರೆ, ಒಂದೇ ಅಂಕ ಪಡೆದವರು ಹೆಸರಿನ ಕ್ರಮದಲ್ಲೇ ಉಳಿಯುತ್ತಾರೆ.

ಇನ್ನು ದಿನಾಂಕದಿಂದ ಇಸವಿ ತೆಗೆಯುವ ಗೆಟ್‌ಇಯರ್. ಹಳೆಯದು ಅಂತ ಅದನ್ನು ಪೂರ್ತಿ ಕೈಬಿಟ್ಟಿದ್ದೀರಿ. ಆದರೆ ಬ್ರೌಸರ್‌ಗಳು ಅದನ್ನು ಕೈಬಿಟ್ಟಿಲ್ಲ. ಅದು 1900ರಿಂದ ಎಣಿಸುವುದರಿಂದ 2024ರ ದಿನಾಂಕಕ್ಕೆ 124 ಕೊಡುತ್ತದೆ. ಹಳೇ ಕೋಡ್ ರಿಪೇರಿಗೆ ಕೂತವರು ಈ 124 ಕಂಡು ನಿಮ್ಮ ಕೈಪಿಡಿ ತೆರೆದರೆ ಉತ್ತರ ಸಿಗಬೇಕು. ಹೊಸ ಕೋಡ್‌ನಲ್ಲಿ ಬಳಸಬೇಡಿ, ಗೆಟ್‌ಫುಲ್‌ಇಯರ್ ಬಳಸಿ ಅಂತ ಎರಡು ಸಾಲು ಸಾಕು.

ಪ್ರತಿ ಟಿಪ್ಪಣಿ ಉಳಿಸುವ ಅಥವಾ ಅಳಿಸುವ ಮೊದಲು ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ ಓಡಿಸಿ ನೋಡಿ. ಆಮೇಲೆ ಇಸಿಎಂಎಸ್ಕ್ರಿಪ್ಟ್ ನಿಯಮಾವಳಿಯ ಆ ಭಾಗ ಓದಿ. ಬ್ರೌಸರ್ ಏನು ಮಾಡುತ್ತಿದೆ, ಏನು ಮಾಡಲೇಬೇಕು, ಎರಡೂ ಗೊತ್ತಿರಬೇಕು. ‘ಇತ್ತೀಚಿನ ಬ್ರೌಸರ್‌ಗಳಲ್ಲಿ’ ಎಂಬ ಮಾತನ್ನು ಎಲ್ಲ ಕಡೆ ತೆಗೆದು ಆವೃತ್ತಿ ಅಥವಾ ಇಸವಿ ಹಾಕಿ. ಮುಂದೆ ಈ ಪುಟ ತಿದ್ದುವವರಿಗೆ ‘ಇತ್ತೀಚಿನ’ ಅಂದರೆ ಯಾವಾಗಿನದು ಅಂತ ತಿಳಿಯುವುದಿಲ್ಲ.

ಮೊದಲು ಪಾರ್ಸ್‌ಇಂಟ್ ಮತ್ತು ಸಾರ್ಟ್ ಪುಟಗಳನ್ನಷ್ಟೇ ತಿದ್ದಿ ಕಳಿಸಿ. ಅವೆರಡು ಸರಿಹೋದರೆ ಉಳಿದದ್ದನ್ನು ಒಟ್ಟಿಗೆ ಕೂತು ನೋಡೋಣ.