ಕಪ್ಪೆ, ಮೊಸಳೆ, ಡಾಲ್ಫಿನ್: ಅರಿಸ್ಟಾಟಲ್ ಕೇಳಿದ ಪ್ರಶ್ನೆಗಳು

ಪ್ರಶ್ನೆ: ‘ಉಭಯವಾಸಿ ಅಂದರೆ ಕಪ್ಪೆ’ ಎಂದು ಮಗಳಿಗೆ ಶಾಲೆಯಲ್ಲಿ ಕಲಿಸಿದ್ದಾರೆ. ಮೊಸಳೆಯೂ ಎರಡೂ ಕಡೆ ಇರುತ್ತೆ ಅಲ್ವಾ, ಅದ್ಯಾಕೆ ಉಭಯವಾಸಿ ಅಲ್ಲ ಎಂದು ಕೇಳುತ್ತಾಳೆ. ಹಿಂದೆ ಗ್ರೀಕರು ಇದನ್ನು ಹೇಗೆ ನೋಡಿದ್ದರು?

ಉತ್ತರ: ನಿಮ್ಮ ಮಗಳ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಉಭಯವಾಸಿಗೆ ಇಂಗ್ಲಿಷಿನಲ್ಲಿ ‘ಆಂಫಿಬಿಯನ್’ ಎನ್ನುತ್ತಾರೆ. ಗ್ರೀಕ್‌ನಲ್ಲಿ ‘ಆಂಫಿ’ ಅಂದರೆ ಎರಡೂ ಕಡೆ, ‘ಬಿಯೋಸ್’ ಅಂದರೆ ಬದುಕು. ನಮ್ಮ ‘ಉಭಯವಾಸಿ’ಯ ಹಾಗೇ. ಆ ಅರ್ಥದಲ್ಲಿ ಮೊಸಳೆಯನ್ನೂ ಸೇರಿಸಬಹುದಿತ್ತು. ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಸೇರಿಸಿಯೇ ಇದ್ದ.

ಆದರೆ ಅವನಿಗಿಂತ ಎರಡು ಸಾವಿರ ವರ್ಷ ಮೊದಲೇ ಅರಿಸ್ಟಾಟಲ್ (ಕ್ರಿ.ಪೂ. 384–322) ಇನ್ನೂ ಸೂಕ್ಷ್ಮವಾಗಿ ಯೋಚಿಸಿದ್ದ. ಪ್ರಾಣಿ ಎಲ್ಲಿ ಕಾಣಿಸುತ್ತದೆ ಎನ್ನುವುದಷ್ಟೇ ಅವನಿಗೆ ಸಾಲಲಿಲ್ಲ. ಉಸಿರಿಗೆ ಗಾಳಿ ಬೇಕೋ, ನೀರು ಬೇಕೋ? ಹೊಟ್ಟೆಗೆ ಎಲ್ಲಿ ಸಿಗುತ್ತದೆ? ಮರಿ ಎಲ್ಲಿ ಹಾಕುತ್ತದೆ? ಇವನ್ನು ಬೇರೆ ಬೇರೆಯಾಗಿ ಕೇಳಿದ. ಸೀಲ್ ನೆಲದ ಮೇಲೆ ಮರಿ ಹಾಕುತ್ತದೆ, ಗಾಳಿ ಉಸಿರಾಡುತ್ತದೆ, ಆದರೆ ಊಟವೆಲ್ಲ ಕಡಲಿನದು. ಕಪ್ಪೆ ತುಂಬ ಹೊತ್ತು ನೀರಲ್ಲಿರಬಲ್ಲದು, ಆದರೂ ನೀರೊಳಗೇ ಒತ್ತಿ ಹಿಡಿದರೆ ಉಸಿರುಕಟ್ಟಿ ಸಾಯುತ್ತದೆ ಎಂದು ಬರೆದ.

ಅವನನ್ನು ಜಾಸ್ತಿ ಕಾಡಿದ್ದು ಡಾಲ್ಫಿನ್. ನೀರು ಬಿಟ್ಟು ಬದುಕುವುದಿಲ್ಲ, ಆದರೆ ಕಿವಿರಿಲ್ಲ, ಶ್ವಾಸಕೋಶವಿದೆ. ಮರಿಗೆ ಹಾಲೂಡಿಸುತ್ತದೆ. ಬಲೆಗೆ ಸಿಕ್ಕರೆ ನೀರೊಳಗೇ ಉಸಿರುಕಟ್ಟಿ ಸಾಯುತ್ತದೆ. ನಿದ್ದೆ ಮಾಡುವಾಗ ಮೂತಿ ನೀರಿನ ಮೇಲಿರುತ್ತದೆ, ಗೊರಕೆಯನ್ನೂ ಜನ ಕೇಳಿದ್ದಾರೆ ಎನ್ನುತ್ತಾನೆ. ತಲೆಯ ಮೇಲಿನ ತೂತಿನಿಂದ ನೀರು ಹೊರಹಾಕುತ್ತದೆ ಎಂದದ್ದು ಮಾತ್ರ ತಪ್ಪು. ಅಲ್ಲಿಂದ ಬರುವುದು ಉಸಿರು. ಇದು ಎರಡೂ ಕಡೆಗೆ ವಾಲುವ ಪ್ರಾಣಿ ಎಂದು ಒಪ್ಪಿಕೊಂಡ. ಬಲವಂತವಾಗಿ ಒಂದು ಗುಂಪಿಗೆ ತುರುಕಲಿಲ್ಲ, ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ಪ್ರಾಣಿಯಿದೆ, ‘ಕೋರ್ಡಿಲೋಸ್’. ಕಿವಿರಿದ್ದೂ ಕಾಲಿರುವುದು, ನೆಲಕ್ಕೆ ಬಂದು ಮೇಯುವುದು ಇದೊಂದೇ ಎನ್ನುತ್ತಾನೆ. ಬಹುಶಃ ಅದು ನ್ಯೂಟ್ (ಹಲ್ಲಿಯಂತೆ ಕಾಣುವ ಉಭಯವಾಸಿ) ಜಾತಿಯ ಮರಿ.

ಈಗ ಮೊಸಳೆಗೆ ಬರೋಣ. ಕಪ್ಪೆ ಗೊದಮೊಟ್ಟೆಯಾಗಿರುವಾಗ ಕಿವಿರಿನಿಂದ ಉಸಿರಾಡಿ, ಬೆಳೆದ ಮೇಲೆ ಶ್ವಾಸಕೋಶ ಮತ್ತು ಚರ್ಮದಿಂದ ಉಸಿರಾಡುತ್ತದೆ. ಮೊಸಳೆ ಚಿಪ್ಪಿನ ಮೊಟ್ಟೆಯನ್ನು ನೆಲದ ಮೇಲೆ ಇಡುತ್ತದೆ. ಮರಿಗೆ ಹೊರಬಂದ ಕ್ಷಣದಿಂದ ಶ್ವಾಸಕೋಶವೇ. ಹಾಗಾಗಿ ಅದು ಸರೀಸೃಪ. ‘ಉಸಿರು ಹೇಗೆ, ಮೊಟ್ಟೆ ಎಲ್ಲಿ?’ ಎಂದು ಮಗಳನ್ನೇ ಕೇಳಿ ನೋಡಿ, ಉತ್ತರ ಅವಳೇ ಹುಡುಕುತ್ತಾಳೆ.