ಸನ್ಮಾನ ಬಿಡಿ, ಮಲೆಯಾಳ ಓದಬಲ್ಲ ಒಬ್ಬರನ್ನು ಜೊತೆಗೆ ಕಳುಹಿಸಿ

ನಿವೃತ್ತನಾಗಿ ಬರುವ ಸೈನಿಕನಿಗೆ ಯುವಕ ಸಂಘದಿಂದ ಸನ್ಮಾನವಲ್ಲದೆ ಇನ್ನೇನು ಮಾಡಬಹುದು ಎಂದು ಕೇಳಿದ್ದೀರಿ. ಆ ಸನ್ಮಾನವನ್ನೇ ಮೊದಲು ಕೈಬಿಡಿ.

17 ವರ್ಷದ ನೌಕರಿ ಮುಗಿಸಿ ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ನಮ್ಮೂರಿಗೆ ಬಂದಾಗ ಭಜನಾ ಮಂದಿರದ ಎದುರು ಶಾಮಿಯಾನ ಹಾಕಿದ್ದರು. ಪೇಟ ದೊಡ್ಡದಾಗಿ ಹುಬ್ಬಿನವರೆಗೆ ಜಾರುತ್ತಿತ್ತು. ಒಂದು ಕೈಯಲ್ಲಿ ಹಣ್ಣಿನ ಬುಟ್ಟಿ, ಇನ್ನೊಂದರಲ್ಲಿ ಪೇಟ ಹಿಡಿದು ನಾಲ್ಕು ಭಾಷಣ ಕೇಳಿದೆ. ಆಮೇಲೆ ಮನೆಗೆ ಬಂದವರು ಕೇಳಿದ್ದು ಎರಡೇ: ಎಷ್ಟು ಜನರಿಗೆ ಗುಂಡು ಹೊಡೆದಿದ್ದೀರಿ, ಮಿಲಿಟರಿ ಕ್ಯಾಂಟೀನಿನ ಬಾಟಲಿ ಸಿಗುತ್ತದೆಯೇ.

ನನ್ನನ್ನು ಮುಳುಗಿಸಿದ್ದು ಒಂದು ಇನಿಷಿಯಲ್. ಬಿಡುಗಡೆಗೆ ಮುಂಚೆ ಯೂನಿಟ್ಟಿನ ಗುಮಾಸ್ತ ಕುಟುಂಬದ ವಿವರಗಳ ಹಾಳೆಯನ್ನು ಮುಂದಿಟ್ಟು, ಸರಿಯಾಗಿ ನೋಡು ಎಂದಿದ್ದ. ಊರಿಗೆ ಹೊರಡುವ ಗಡಿಬಿಡಿಯಲ್ಲಿ ನೋಡದೆ ಸಹಿ ಹಾಕಿದೆ. ಅದರಲ್ಲಿ ಹೆಂಡತಿಯ ಬರಿಯ ಹೆಸರಿತ್ತು. ಆಧಾರಿನಲ್ಲಿ ಹೆಸರಿನ ಕೊನೆಗೆ ತವರುಮನೆಯ ಇನಿಷಿಯಲ್. ಹುಟ್ಟಿದ ದಿನವೂ ಬೇರೆ. ನೌಕರಿಯಲ್ಲಿದ್ದರೆ ಇದನ್ನು ಯೂನಿಟ್ ಕಚೇರಿಯಿಂದಲೇ ಪಾರ್ಟ್ ಟೂ ಆರ್ಡರ್, ಅಂದರೆ ಸೈನಿಕನ ದಾಖಲೆ ಬದಲಿಸುವ ಆದೇಶ, ಹೊರಡಿಸಿ ತಿದ್ದಿಸಬಹುದು. ಹೊರಬಿದ್ದ ಮೇಲೆ ಅಫಿಡವಿಟ್, ಜಂಟಿ ಫೋಟೋ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ, ಅಲ್ಲಿಂದ ದೇಶದ ಉತ್ತರದ ತುದಿಯಲ್ಲಿ ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸ್. ನನ್ನ ಅರ್ಜಿ ಎರಡು ಸಲ ವಾಪಸು ಬಂತು. ಅಷ್ಟರಲ್ಲಿ ಅವಳಿಗೆ ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಮಾಜಿ ಸೈನಿಕರಿಗೆ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆ ಇದೆ, ವಂತಿಗೆಯನ್ನೂ ಕಟ್ಟಿದ್ದೆ. ಆದರೆ ಕಾರ್ಡು ನನಗೆ ಬಂದಿತ್ತು, ಅವಳಿಗಲ್ಲ. ಆ ವರ್ಷದ ಅಡಿಕೆಯ ದುಡ್ಡೆಲ್ಲ, 1.7 ಲಕ್ಷ, ಆಸ್ಪತ್ರೆಗೆ ಹೋಯಿತು. ನಾನು ಸತ್ತಿದ್ದರೆ ಅವಳ ಕುಟುಂಬ ಪಿಂಚಣಿಯೂ ಅದೇ ಇನಿಷಿಯಲ್‌ಗೆ ಸಿಕ್ಕಿಬೀಳುತ್ತಿತ್ತು.

ತಪ್ಪು ನನ್ನದೇ. ಆದರೆ ಎರಡನೆಯ ಸಲ ಅರ್ಜಿ ವಾಪಸಾದದ್ದು ಮಲೆಯಾಳದಲ್ಲಿದ್ದ ಒಂದು ಪ್ರಮಾಣಪತ್ರದಿಂದ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಪಂಜಾಬು, ಅಸ್ಸಾಮು. ಹಿಂದಿಯಲ್ಲಿ ಜಗಳ ಆಡಬಲ್ಲೆ, ಮಲೆಯಾಳದ ಒಂದಕ್ಷರ ಓದಲಾರೆ. ಆ ಪ್ರಮಾಣಪತ್ರದಲ್ಲೂ ಇನಿಷಿಯಲ್ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದವರು ಪಕ್ಕದ ಮನೆಯ ನಿವೃತ್ತ ಅಧ್ಯಾಪಕರು. ಮೂರು ಸಲ ನನ್ನೊಂದಿಗೆ ಬಸ್ಸಿನಲ್ಲಿ ಕಾಸರಗೋಡಿಗೆ ಬಂದರು, ಟಿಕೆಟ್ಟಿನ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಸನ್ಮಾನದ ದಿನ ಅವರನ್ನು ವೇದಿಕೆಗೆ ಯಾರೂ ಕರೆದಿರಲಿಲ್ಲ.

ಆದ್ದರಿಂದ ನಿಮ್ಮ ಸಂಘ ಅಂಥ ಒಬ್ಬರನ್ನು ಹುಡುಕಲಿ. ಸೈನಿಕ ಕೊನೆಯ ರಜೆಯಲ್ಲಿ ಬಂದಾಗಲೇ ಆಧಾರ್, ರೇಷನ್ ಕಾರ್ಡು, ಸೇನೆಯ ಕಾಗದ ಎಲ್ಲವನ್ನೂ ಜಗಲಿಯಲ್ಲಿ ಹರವಿಕೊಂಡು ಅಕ್ಷರಕ್ಕೆ ಅಕ್ಷರ ತಾಳೆ ನೋಡಲಿ. ಬಂದ ತಿಂಗಳೇ ಸೆಕ್ಯೂರಿಟಿ ಕೆಲಸಕ್ಕೆ ಶಿಫಾರಸು ಮಾಡಬೇಡಿ. ಅಡಿಕೆಗೆ ಮದ್ದು ಬಿಡುವ ದಿನ ಪಂಪಿನ ಹತ್ತಿರ ನಿಲ್ಲಲು ಕರೆಯಿರಿ, ಬರುತ್ತಾನೆ.

ಈಗ ರಜೆಯಲ್ಲಿ ಬರುವ ಹುಡುಗರಿಗೆ ನಾನು ಚಹಾಕ್ಕಿಂತ ಮೊದಲು, ಹೆಂಡತಿಯ ಆಧಾರ್ ತೋರಿಸು ಎನ್ನುತ್ತೇನೆ. ನಗುತ್ತಾರೆ. ಕಳೆದ ಓಣಂ ರಜೆಯಲ್ಲಿ ಒಬ್ಬ ನಗುತ್ತಲೇ ತೋರಿಸಿದ. ಹುಟ್ಟಿದ ವರ್ಷ ತಪ್ಪಿತ್ತು.