ಗಂಟಿಯೋ ಗಂಟೆಯೋ

ಬ್ರಹ್ಮಾವರದ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನಮ್ಮ ಪತ್ರಿಕೆಗೆ ಎರಡು ಹಾಳೆ ತುಂಬ ಪತ್ರ ಬರೆದಿದ್ದಾರೆ. ಹಿಂದಿಯ ಪತ್ತೇದಾರಿ ವೆಬ್ ಸರಣಿ ‘ಪಾತಾಳ್ ಲೋಕ್’ನ ಮೊದಲ ಸೀಸನ್ 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ಹೊತ್ತಿಗೆ ಬಂದಾಗ ಮಗನ ಜೊತೆ ಕೂತು ಒಂಬತ್ತೂ ಕಂತುಗಳನ್ನು ಎರಡೇ ರಾತ್ರಿಯಲ್ಲಿ ಮುಗಿಸಿದವರು ಅವರು. 2025ರ ಜನವರಿಯಲ್ಲಿ ಬಂದ ಎರಡನೆಯದು ಅವರಿಗೆ ಸಪ್ಪೆ. ಅವರ ಮಾತು ಹೀಗಿದೆ: “ಕತೆ ನಾಗಾಲ್ಯಾಂಡಿಗೆ ಹೋದದ್ದೇ ಎಡವಟ್ಟಾಯಿತು. ಅರ್ಧ ಮಾತು ತಿಳಿಯುವುದಿಲ್ಲ, ಕೆಳಗಿನ ಅಕ್ಷರ ಓದುವಷ್ಟರಲ್ಲಿ ಮೇಲಿನ ಮುಖ ತಪ್ಪಿಹೋಗುತ್ತದೆ. ಅನ್ಸಾರಿಯನ್ನು ಯಾಕೆ ಕೊಂದರು? ಹತೋಡಾ ತ್ಯಾಗಿಯಂಥ ಒಬ್ಬ ಖಳ ಇಲ್ಲ. ಎಲ್ಲರಿಗೂ ತಿಳಿಯುವ ಹಾಗೆ ಒಂದೇ ಭಾಷೆಯಲ್ಲಿ ಮಾಡಿದ್ದರೆ ಇವರ ಗಂಟೇನು ಹೋಗುತ್ತಿತ್ತು?” ಕೊನೆಗೆ, ತಾವು ಒಮ್ಮೆ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ ಸಂಗತಿಯನ್ನೂ ನಾಲ್ಕು ಸಾಲಿನಲ್ಲಿ ಸೇರಿಸಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ಮಾಷ್ಟ್ರೇ, ಕೊನೆಯ ಕಂತುಗಳಲ್ಲಿ ಎಳೆಗಳನ್ನೆಲ್ಲ ಒಟ್ಟುಮಾಡುವ ಅವಸರ ಉಂಟು, ಒಪ್ಪಿದೆ. ಆ ಯುವ ಪೊಲೀಸ್ ಅಧಿಕಾರಿ ಅನ್ಸಾರಿ ಸತ್ತ ರಾತ್ರಿ ನನಗೂ ಊಟ ಸೇರಲಿಲ್ಲ. ಆದರೆ ಭಾಷೆಯ ವಿಷಯದಲ್ಲಿ ನೀವು ಹೇಳಿದ್ದನ್ನು ನಾನು ಒಪ್ಪಲಾರೆ. ನಲವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಿಮ್ಮಿಂದ ಅದು ಬಂದದ್ದು ನನಗೆ ಸ್ವಲ್ಪ ನೋವೇ ಆಯಿತು.

ಮೊದಲ ಸೀಸನ್ನಿನ ದೆಹಲಿ ಪೊಲೀಸ್ ಹಾಥಿರಾಮ್ ಚೌಧರಿಯನ್ನು ನೆನಪಿಸಿಕೊಳ್ಳಿ. ಮೇಲಿನವರು ಅವನನ್ನು ಕೈಲಾಗದವನೆಂದು ತಳ್ಳಿದರೂ ಬೀದಿಯ ಮಾತು ಅವನ ಕೈವಶವಾಗಿತ್ತು. ಯಾರ ಬೈಗುಳ ಯಾವ ಊರಿನದು, ಯಾರ ವಿನಯದ ಹಿಂದೆ ಹೆದರಿಕೆ ಉಂಟು, ಎಲ್ಲ ಕಿವಿಯಲ್ಲೇ ಅಳೆಯುತ್ತಿದ್ದ. ಎರಡನೆಯದರಲ್ಲಿ ಕತೆ ಕಟ್ಟಿದ ಸುದೀಪ್ ಶರ್ಮಾ ಮತ್ತು ನಿರ್ದೇಶಿಸಿದ ಅವಿನಾಶ್ ಅರುಣ್ ಅವನಿಂದ ಆ ಕಿವಿಯನ್ನೇ ಕಿತ್ತುಕೊಂಡರು. ಕಾಣೆಯಾದ ಒಬ್ಬ ಬಡ ಗಂಡನನ್ನು ಹುಡುಕುತ್ತ ಹೊರಟವನು ನಾಗಾಲ್ಯಾಂಡಿನಲ್ಲಿ, ಸುತ್ತಲಿನವರು ತನ್ನ ಬಗ್ಗೆಯೇ ಏನೋ ಆಡಿಕೊಳ್ಳುತ್ತಿದ್ದರೂ ತಿಳಿಯದೆ ನಿಲ್ಲುತ್ತಾನೆ. ಅವನ ಪಾತ್ರ ಮಾಡಿದ ಜೈದೀಪ್ ಅಹ್ಲಾವತ್ ಆಗ ಏನೂ ಮಾಡುವುದಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣು ಹೊರಳಿಸುತ್ತಾರೆ, ಅಷ್ಟೆ. ನಿಮಗೆ ಅರ್ಥವಾಗದ್ದು ಅವನಿಗೂ ಅರ್ಥವಾಗಲಿಲ್ಲ, ಮಾಷ್ಟ್ರೇ. ಎಂಟು ಕಂತು ನೀವು ಅವನ ಪಕ್ಕದಲ್ಲೇ ನಿಂತಿದ್ದಿರಿ. ಇನ್ನು ಅನ್ಸಾರಿ ತನ್ನ ಸಂಗಾತಿ ಒಬ್ಬ ಗಂಡಸು ಎಂದು ತಿಳಿಸುವಾಗ, ಇಬ್ಬರಿಗೂ ಹಿಂದಿ ಬರುತ್ತಿದ್ದರೂ ಹಾಥಿರಾಮನ ಮಾತು ತಡವರಿಸುತ್ತದೆ. ಅಷ್ಟು ಹತ್ತಿರ ಬಂದವನನ್ನು ಕಳೆದುಕೊಂಡ ಮೇಲೆಯೇ ಅವನು ಪೂರ್ತಿ ಒಂಟಿಯಾದದ್ದು.

ನಾಗಾಲ್ಯಾಂಡಿನ ಆಡಳಿತ ಭಾಷೆ ಇಂಗ್ಲಿಷ್. ಒಂದೊಂದು ಬುಡಕಟ್ಟಿಗೆ ಒಂದೊಂದು ಮನೆಮಾತು. ಅಂಗಡಿ, ಸಂತೆಯಲ್ಲಿ ಎಲ್ಲರೂ ಕೂಡಿದಾಗ ಆಡುವುದು ಅಸ್ಸಾಮಿಯಿಂದ ಹುಟ್ಟಿದ ನಾಗಾಮೀಸ್. ಇದು ನಮಗೆ ದೂರದ ಸಂಗತಿಯೇ? ಬೆಳಗ್ಗೆ ಮಂಗಳೂರಿನ ಧಕ್ಕೆಗೆ ಹೋಗಿ ನಿಲ್ಲಿ. ಕೊಂಕಣಿಯ ಬಾಯಮ್ಮ, ಬ್ಯಾರಿ ವ್ಯಾಪಾರಿ, ಮೊಗವೀರ ಹೆಂಗಸು, ಮೂವರೂ ಬಂಗುಡೆಯ ಬುಟ್ಟಿಗೆ ಚೌಕಾಸಿ ಮಾಡುವುದು ತುಳುವಿನಲ್ಲಿ. 2011ರ ಜನಗಣತಿಯಂತೆ 18 ಲಕ್ಷಕ್ಕೂ ಹೆಚ್ಚು ಜನರ ಮಾತು ಅದು. ಇನ್ನೂ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷಾಪಟ್ಟಿಯ ಹೊರಗೆ ನಿಂತಿದೆ.

ಹೊರಗೆ ನಿಂತರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಸುಮಾರು ಮೂವತ್ತು ವರ್ಷದ ಹಿಂದೆ ಕೋರ್ಟಿನ ವರದಿಗೆ ಹೋಗುತ್ತಿದ್ದ ದಿನಗಳು. ಬೇಲಿ ಜಗಳ ಹೊಡೆದಾಟಕ್ಕೆ ತಿರುಗಿದ ಕೇಸು. ಸಾಕ್ಷಿ ಹೇಳಲು ಬಂದವರು ಮೀನು ಮಾರುವ ಒಬ್ಬ ಅಜ್ಜಿ. ಬುಟ್ಟಿಯನ್ನು ಜಗಲಿಯಲ್ಲೇ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಟಕಟೆ ಹತ್ತಿದರು. ಆರೋಪಿ ಏನೆಂದ? “ಕೆರ್ಪೆ ನಿನನ್” ಅಂದ. ಕನ್ನಡದಲ್ಲಿ ದಾಖಲಾದದ್ದು ‘ಕೊಲ್ಲುತ್ತೇನೆಂದು ಜೀವ ಬೆದರಿಕೆ ಹಾಕಿದನು’. ಅದನ್ನು ಓದಿ ತಿಳಿಸಿದಾಗ ಅಜ್ಜಿ ಗಾಬರಿಯಾಗಿ ಕಟಕಟೆಯ ಕಂಬಿ ಹಿಡಿದರು. ಕೆರ್ಪೆ ಅಂತ ನಾನು ಮೊಮ್ಮಗನಿಗೆ ದಿನಕ್ಕೆ ಹತ್ತು ಸಲ ಹೇಳುತ್ತೇನೆ ಸ್ವಾಮಿ, ಅವನು ಹೇಳಿದ್ದೂ ಹಾಗೆಯೇ ಎಂದರು. ತಪ್ಪು ಶಬ್ದದ್ದಲ್ಲ, ಕೆರ್ಪೆ ಎಂದರೆ ಕೊಲ್ಲುತ್ತೇನೆ ಎಂದೇ. ಅದನ್ನು ಹೇಳಿದ ರಾಗ ಮಾತ್ರ ಕಾಗದಕ್ಕೆ ಇಳಿಯಲಿಲ್ಲ. ನ್ಯಾಯಾಧೀಶರು ಘಟ್ಟದ ಮೇಲಿನವರು, ತಾಳ್ಮೆಯ ಮನುಷ್ಯ. ಪೆನ್ನು ಕೆಳಗಿಟ್ಟು ಎರಡು ಸಲ ಕೇಳಿದರು. ಆಗಿನ ದಂಡ ಪ್ರಕ್ರಿಯಾ ಸಂಹಿತೆಯ 277ನೇ ಕಲಂ ಪ್ರಕಾರ ಸಾಕ್ಷಿಯ ಮಾತನ್ನು ಸಾಧ್ಯವಾದರೆ ಅವರದ್ದೇ ಭಾಷೆಯಲ್ಲಿ ಬರೆದುಕೊಳ್ಳಬಹುದಿತ್ತು. ಕಲಂ ಇತ್ತು, ತುಳುವಿನಲ್ಲಿ ಬರೆದುಕೊಳ್ಳುವ ಕೈ ಅಲ್ಲಿರಲಿಲ್ಲ.

ಅವತ್ತಿನಿಂದ ನಾನು ಯಾವ ಪತ್ತೇದಾರಿ ಕತೆ ಹಿಡಿದರೂ ಮೊದಲು ನೋಡುವುದು ಸಾಕ್ಷಿ ಯಾವ ಭಾಷೆಯಲ್ಲಿ ಮಾತಾಡುತ್ತಾನೆ ಎಂದು. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಸೇತುವೆಯ ಮೇಲೆ, ಗಡಿಗೆರೆಯಲ್ಲೇ ಹೆಣ ಸಿಗುವ ಒಂದು ಧಾರಾವಾಹಿ 2011ರಲ್ಲಿ ಬಂತು. ಹೆಸರೇ ಎರಡು ಭಾಷೆಯಲ್ಲಿ, ‘ಬ್ರೋನ್’ ಮತ್ತು ‘ಬ್ರೋಎನ್’. ಎರಡಕ್ಕೂ ಸೇತುವೆ ಎಂದೇ ಅರ್ಥ. ಇಬ್ಬರು ಪೊಲೀಸರು, ತಮ್ಮ ತಮ್ಮ ಭಾಷೆ ಬಿಡದೆ ಒಂದೇ ಕೇಸು ನಡೆಸುತ್ತಾರೆ. 2015ರ ಮೂರನೇ ಸೀಸನ್ನಿಗೆ ಡೆನ್ಮಾರ್ಕಿನ ಪೊಲೀಸನ ಪಾತ್ರ ಮಾಡಿದ ನಟ ಬಿಟ್ಟುಹೋದರು, ನಿಮ್ಮ ಅನ್ಸಾರಿಯ ಹಾಗೆ. ಹೊಸ ಜೊತೆಗಾರ ಬಂದರೂ ಎರಡು ಭಾಷೆಯ ನಡಿಗೆ ಮಾತ್ರ ಬದಲಾಗಲಿಲ್ಲ. ನೋಡುವಾಗೆಲ್ಲ ನನಗೆ ನಮ್ಮ ಕಲ್ಯಾಣಪುರದ ಸೇತುವೆಯ ನೆನಪು. ಸುವರ್ಣೆ ದಾಟಿ ಬಡಗು ಮುಖ ಮಾಡಿದರೆ ಸ್ವಲ್ಪ ಸ್ವಲ್ಪವಾಗಿ ತುಳು ಹಿಂದಾಗಿ ಕುಂದಾಪ್ರ ಕನ್ನಡ ಎದುರಾಗುತ್ತದೆ, ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಆ ಸೇತುವೆಯ ಮೇಲೆ ಒಂದು ಕತೆ ಇಡಲು ನಮ್ಮಲ್ಲಿ ಯಾರಿಗೂ ತೋಚಲಿಲ್ಲವಲ್ಲ!

ನನ್ನ ಸಂಕಟ ನಿಮ್ಮ ಪತ್ರಕ್ಕಿಂತ ದೊಡ್ಡದು. ಕನ್ನಡದ ಸಿನಿಮಾ, ಧಾರಾವಾಹಿಗಳಲ್ಲಿ ನಮ್ಮ ಕರಾವಳಿಯ ಮಾತು ಬರುವುದು ಹೆಚ್ಚಾಗಿ ನಗಿಸುವುದಕ್ಕೆ. ಹೋಟೆಲ್ ಭಟ್ಟರು ಬಂದು “ಎಂತ ಮಾರಾಯ್ರೇ” ಅನ್ನಬೇಕು, ಜನ ನಗಬೇಕು. ಅಳುವವರು, ಕೊಲ್ಲುವವರು, ಸತ್ಯ ಹೇಳುವವರು ಎಲ್ಲ ಒಂದೇ ತೊಳೆದ ಕನ್ನಡದಲ್ಲಿ ಮಾತಾಡುತ್ತಾರೆ. 2014ರಲ್ಲಿ ರಕ್ಷಿತ್ ಶೆಟ್ಟಿ ‘ಉಳಿದವರು ಕಂಡಂತೆ’ಯಲ್ಲಿ ಮಲ್ಪೆಯ ಒಂದು ಸಾವನ್ನು ಹಲವರ ಬಾಯಲ್ಲಿ, ಇಲ್ಲಿನ ಮಾತಿನಲ್ಲೇ ಹೇಳಿಸಿದಾಗ ಥಿಯೇಟರಿನಲ್ಲಿ ನನಗೆ ಕಣ್ಣು ತುಂಬಿತ್ತು. ಕತೆಗಲ್ಲ, ಆ ಮಾತಿಗೆ. ಅದಾದ ಮೇಲೂ ನಮ್ಮ ಕಚೇರಿಗೆ ಬರುವ ಕತೆಗಳಲ್ಲಿ ಉಳ್ಳಾಲದ ಮೀನುಗಾರ “ನಾನು ಅದನ್ನು ಗಮನಿಸಲಿಲ್ಲ” ಎಂದೇ ಹೇಳುತ್ತಾನೆ. ಬರೆದವರನ್ನು ಕೇಳಿದರೆ, ಓದುಗರಿಗೆ ಕಷ್ಟ ಆಗಬಾರದಲ್ಲ ಸರ್ ಅನ್ನುತ್ತಾರೆ. ಓದುಗರು ಎಂದರೆ ನೀವು, ಮಾಷ್ಟ್ರೇ. ನಿಮ್ಮ ಹೆಸರಿನಲ್ಲೇ ಈ ಮಾತುಗಳೆಲ್ಲ ಕತ್ತರಿಗೆ ಸಿಗುತ್ತಿವೆ.

ಈಗ ನಿಮ್ಮ ಪತ್ರದ ಕೊನೆಯ ನಾಲ್ಕು ಸಾಲಿಗೆ ಬರುತ್ತೇನೆ. ನಿಮ್ಮ ಶಾಲೆಯ ಆಯಾ ‘ಗಂಟಿ’ ಕಾಣುತ್ತಿಲ್ಲವೆಂದು ಠಾಣೆಗೆ ಹೋದಾಗ, ಬಯಲುಸೀಮೆಯಿಂದ ಹೊಸದಾಗಿ ಬಂದ ಪೇದೆ ‘ಗಂಟೆ’ ಎಂದು ಬರೆದುಕೊಂಡು, ಯಾವ ದೇವಸ್ಥಾನದ್ದು, ಎಷ್ಟು ಕೆಜಿ ಎಂದು ಕೇಳಿದರು. ನೀವು ಓಡಿಹೋಗಿ, ನಮ್ಮಲ್ಲಿ ಗಂಟಿ ಎಂದರೆ ದನ ಎಂದು ತಿಳಿಸಿ, ಅರ್ಜಿ ಹೊಸದಾಗಿ ಬರೆಸಿದಿರಿ. ಅಷ್ಟರಲ್ಲಿ ಸಂಜೆಯಾಗಿತ್ತು ಎಂದೂ ಬರೆದಿದ್ದೀರಿ. ಆ ಪೇದೆಯ ಮೇಲೆ ನಿಮಗೆ ಸಿಟ್ಟು ಬರಲಿಲ್ಲ, ಪಾಪ ಎನ್ನಿಸಿತು. ಹಾಥಿರಾಮ್ ನಾಗಾಲ್ಯಾಂಡಿನಲ್ಲಿ ಅದೇ ಪೇದೆ.

ಆ ಹೆಂಗಸು ಅವತ್ತು ಬೆಂಚಿನ ಮೇಲೆ ಕೂತು ಏನೇನು ಹೇಳಿದರು, ದನ ಸಿಕ್ಕಿತೇ ಇಲ್ಲವೇ, ನಾಲ್ಕು ಸಾಲಿನಲ್ಲಿ ಗೊತ್ತಾಗಲಿಲ್ಲ. ದೀಪಾವಳಿ ಸಂಚಿಕೆಗೆ ನಾಲ್ಕು ಪುಟ ತೆಗೆದಿಟ್ಟಿದ್ದೇನೆ. ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು ಕಳಿಸಿ. ಒಂದು ಅಕ್ಷರವನ್ನೂ ತಿದ್ದುವುದಿಲ್ಲ, ಕೆಳಗೆ ಅರ್ಥವನ್ನೂ ಹಾಕುವುದಿಲ್ಲ.